ಕ್ಷುದ್ರಗ್ರಹಕ್ಕೆ ಏಳು ನಿಮಿಷ ತಪ್ಪಿಸುವುದು ಹೇಗೆ

ಭೂಮಿಯ ಅಡ್ಡಳತೆ ಸುಮಾರು 12,742 ಕಿ.ಮೀ. ಸೂರ್ಯನ ಸುತ್ತ ಅದರ ಓಟ ಸೆಕೆಂಡಿಗೆ 30 ಕಿ.ಮೀ. ಹತ್ತಿರ. ಭಾಗಿಸಿ ನೋಡಿದರೆ, ಭೂಮಿ ತಾನಿರುವ ಜಾಗವನ್ನು ಪೂರ್ತಿ ಖಾಲಿ ಮಾಡಿ ಮುಂದೆ ಸರಿಯಲು ಏಳು ನಿಮಿಷ ಸಾಕು. ಕ್ಷುದ್ರಗ್ರಹವೊಂದು ನಮಗೆ ಬಡಿಯಬೇಕಾದರೆ ಅದರ ಹಾದಿ ಭೂಮಿಯ ಹಾದಿಯನ್ನು ಕತ್ತರಿಸಿದರೆ ಸಾಲದು, ಆ ಏಳು ನಿಮಿಷದೊಳಗೇ ಅದು ಅಲ್ಲಿಗೆ ಬಂದು ಮುಟ್ಟಬೇಕು. ರೈಲ್ವೆ ಗೇಟಿನಲ್ಲೂ ಹೀಗೇ ಅಲ್ಲವೇ? ರಸ್ತೆ ಮತ್ತು ಹಳಿ ವರ್ಷವಿಡೀ ಅಲ್ಲಿ ಕೂಡುತ್ತಲೇ ಇರುತ್ತವೆ. ಅನಾಹುತ ಆಗುವುದು ಲಾರಿಯೂ ರೈಲೂ ಒಂದೇ ಗಳಿಗೆಗೆ ಅಲ್ಲಿ ಬಂದಾಗ.

ಗ್ರಹರಕ್ಷಣೆಯ ಕೆಲಸದಲ್ಲಿರುವವರು ಈ ಸಮಸ್ಯೆಯನ್ನು ಬಿಡಿಸುವುದು ಇದೇ ಕಡೆಯಿಂದ. ಬಂಡೆಯನ್ನು ಪುಡಿಪುಡಿ ಮಾಡುವ ಯೋಚನೆ ಅವರಿಗಿಲ್ಲ. ಅದು ಗೇಟಿಗೆ ಬರುವ ಹೊತ್ತನ್ನು ಕೊಂಚ ಹಿಂದುಮುಂದು ಮಾಡಿದರೆ ಆಯಿತು. ನೇರ ಭೂಮಿಯ ನಡುಮಧ್ಯಕ್ಕೇ ಬರುತ್ತಿದ್ದರೆ ಮೂರೂವರೆ ನಿಮಿಷದಷ್ಟು ಬದಲಾಯಿಸಬೇಕು. ಹತ್ತಿರ ಸುಳಿದದ್ದನ್ನು ಭೂಮಿಯ ಗುರುತ್ವ ತನ್ನತ್ತ ಬಾಗಿಸಿಕೊಳ್ಳುವುದರಿಂದ ಅದರ ಮೇಲೆ ಇನ್ನಷ್ಟು ಸೇರಿಸಬೇಕು. ಹೀಗೆ ಹೊತ್ತು ತಪ್ಪಿಸುವುದಕ್ಕೆ ಇದುವರೆಗೆ ನಿಜವಾಗಿ ಮಾಡಿ ನೋಡಿರುವ ಉಪಾಯ ಒಂದೇ. ವೇಗವಾಗಿ ಹೋಗುವ ನೌಕೆಯನ್ನು ಬಂಡೆಗೆ ಗುದ್ದಿಸುವುದು.

ಮಿಲಿಮೀಟರಿನ ಬಡ್ಡಿ

ನೂರಾರು ಕೋಟಿ ಕಿಲೋ ತೂಗುವ ಬಂಡೆಗೆ ಆರುನೂರು ಕಿಲೋ ನೌಕೆ ಗುದ್ದಿದರೆ ಬಂಡೆಯ ವೇಗ ಸೆಕೆಂಡಿಗೆ ಒಂದೆರಡು ಮಿಲಿಮೀಟರ್ ಬದಲಾಗಬಹುದು. ನಮ್ಮ ಗೋಡೆಯ ಮೇಲೆ ಹರಿಯುವ ಇರುವೆ ಅದಕ್ಕಿಂತ ಚುರುಕು. ಆದರೆ ಇದು ಬಡ್ಡಿಗೆ ಕೊಟ್ಟ ದುಡ್ಡಿದ್ದ ಹಾಗೆ, ಪ್ರತಿ ಸೆಕೆಂಡೂ ಸೇರುತ್ತ ಹೋಗುತ್ತದೆ. ಸೆಕೆಂಡಿಗೆ 2.7 ಮಿ.ಮೀ. ಬದಲಾವಣೆ ಎಂದುಕೊಳ್ಳಿ (ಈ ಅಂಕಿಯನ್ನು ಯಾಕೆ ಆರಿಸಿದೆ ಎಂಬುದು ಮುಂದೆ ತಿಳಿಯುತ್ತದೆ). ಒಂದು ವರ್ಷದಲ್ಲಿ ಸುಮಾರು 3.15 ಕೋಟಿ ಸೆಕೆಂಡುಗಳಿವೆ. ಗುಣಿಸಿದರೆ ವರ್ಷಕ್ಕೆ 85 ಕಿ.ಮೀ.

ಕಕ್ಷೆಯಲ್ಲಿ ಓಡುವ ವಸ್ತುವಿಗೆ ಈ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ, ಅದು ಮೂರು ಪಟ್ಟಾಗುತ್ತದೆ. ಬಂಡೆಯ ಓಟಕ್ಕೆ ಎದುರಾಗಿ ಗುದ್ದಿದರೆ ಅದರ ವೇಗ ಕಡಿಮೆಯಾಗುತ್ತದೆ. ವೇಗ ಕಡಿಮೆಯಾದದ್ದು ಸೂರ್ಯನತ್ತ ಸ್ವಲ್ಪ ಇಳಿಯುತ್ತದೆ. ಇಳಿದ ಕಕ್ಷೆ ಚಿಕ್ಕದು, ಅಲ್ಲಿ ಒಂದು ಸುತ್ತು ಬೇಗ ಮುಗಿಯುತ್ತದೆ. ಹಾಗಾಗಿ ಬ್ರೇಕ್ ಹಾಕಿಸಿಕೊಂಡ ಬಂಡೆ ತಡವಾಗಿ ಬರುವ ಬದಲು ಬೇಗ ಬರುತ್ತದೆ! ಕಕ್ಷೆಯ ವಿಷಯಕ್ಕೆ ಹೊಸಬರಾದವರು ಎಲ್ಲರೂ ಎಡವುವ ಜಾಗ ಇದು. ಸುತ್ತಿಗೊಮ್ಮೆ ಗಳಿಸಿದ ಈ ಮುಂಗಡ ಮುಂದಿನ ಸುತ್ತಿಗೆ ಕೂಡುತ್ತದೆ. ಹೆಚ್ಚುಕಡಿಮೆ ವೃತ್ತಾಕಾರದ ಕಕ್ಷೆಯಲ್ಲಿ ಒಟ್ಟು ಜರುಗಾಟ ನೇರ ಲೆಕ್ಕದ ಮೂರರಷ್ಟು, ಅಂದರೆ ವರ್ಷಕ್ಕೆ ಸುಮಾರು 255 ಕಿ.ಮೀ. ಬಂಡೆಯೂ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದ್ದರೆ ವರ್ಷಕ್ಕೆ ಎಂಟೂವರೆ ಸೆಕೆಂಡು. ಹತ್ತು ವರ್ಷಕ್ಕೆ 85 ಸೆಕೆಂಡು. ಮೂರೂವರೆ ನಿಮಿಷ ಬೇಕಾದರೆ ಇಪ್ಪತ್ತೈದು ವರ್ಷ.

ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ವಿಷಯವೂ ಸಲೀಸು. ಇದೇ ಬದಲಾವಣೆಯನ್ನು ಡಿಕ್ಕಿಗೆ ಒಂದು ವಾರ ಮೊದಲು ಕೊಟ್ಟರೆ ಬಂಡೆ ಐದು ಕಿ.ಮೀ. ಕೂಡ ಜರುಗುವುದಿಲ್ಲ. ಈ ಕಸುಬಿನಲ್ಲಿ ರಾಕೆಟ್ಟಿಗಿಂತ ದುಬಾರಿ ಸಾಮಾನು ಕ್ಯಾಲೆಂಡರು.

ದಿಕ್ಕಿನದೂ ಒಂದು ಪೇಚಿದೆ. ಬಂಡೆಯ ಓಟದ ಗುಂಟ, ಮುಂದಕ್ಕೋ ಹಿಂದಕ್ಕೋ ಕೊಟ್ಟ ತಳ್ಳು ಮಾತ್ರ ಸುತ್ತಿನ ಅವಧಿಯನ್ನು ಬದಲಾಯಿಸುತ್ತದೆ. ಪಕ್ಕದಿಂದ ಗುದ್ದಿದರೆ ಕಕ್ಷೆ ಸ್ವಲ್ಪ ಓರೆಯಾಗಿ, ಪ್ರತಿ ಸುತ್ತಿಗೂ ಅತ್ತ ಹೋಗಿ ಇತ್ತ ಬಂದು ಅಲ್ಲೇ ಉಳಿಯುತ್ತದೆ, ಬಡ್ಡಿ ಹುಟ್ಟುವುದಿಲ್ಲ. ಭೂಮಿಯಿಂದ ಹೊರಟ ನೌಕೆ ಅತಿ ಹೆಚ್ಚು ವೇಗದಲ್ಲಿ ಬಂಡೆಯನ್ನು ಸಂಧಿಸುವ ಹಾದಿ ಎಷ್ಟೋ ಸಲ ಅಡ್ಡಡ್ಡ ಬರುವ ಹಾದಿಯೇ ಆಗಿರುತ್ತದೆ. ಆದ್ದರಿಂದ ಯೋಜನೆ ಹಾಕುವವರು ಒಟ್ಟು ವೇಗಕ್ಕೆ ಮರುಳಾಗದೆ, ಅದರಲ್ಲಿ ಓಟದ ಗುಂಟ ಬೀಳುವ ಪಾಲು ಎಷ್ಟು ಎಂದು ಲೆಕ್ಕ ಹಾಕಿ ಉಡಾವಣೆಯ ದಿನವನ್ನು ಆರಿಸಬೇಕಾಗುತ್ತದೆ.

ಒಮ್ಮೆ ಮಾಡಿ ನೋಡಿದ್ದು

ಈ ಲೆಕ್ಕಕ್ಕೆ ಮೊದಲ ನಿಜವಾದ ಪರೀಕ್ಷೆ ನಾಸಾದ ಡಾರ್ಟ್. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿ ಕಟ್ಟಿದ ನೌಕೆ. 2021ರ ನವೆಂಬರ್ 24ರಂದು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ ಫಾಲ್ಕನ್ 9 ರಾಕೆಟ್ಟಿನಲ್ಲಿ ಹೊರಟಿತು. 2022ರ ಸೆಪ್ಟೆಂಬರ್ 27ರ ಬೆಳಗಿನ ಜಾವ, ನಮ್ಮ ಗಡಿಯಾರದಲ್ಲಿ 4 ಗಂಟೆ 44 ನಿಮಿಷಕ್ಕೆ, ಭೂಮಿಯಿಂದ ಸುಮಾರು 1.1 ಕೋಟಿ ಕಿ.ಮೀ. ದೂರದಲ್ಲಿ ಡೈಮಾರ್ಫಸ್ ಎಂಬ ಪುಟ್ಟ ಬಂಡೆಗೆ ಅಪ್ಪಳಿಸಿತು.

ಗುರಿಯ ಆಯ್ಕೆಯಲ್ಲೇ ಅರ್ಧ ಜಾಣತನ ಇತ್ತು. ಡಿಡಿಮೋಸ್ ಎಂಬುದು ಸುಮಾರು 780 ಮೀಟರ್ ಅಗಲದ ಕ್ಷುದ್ರಗ್ರಹ, 1996ರಲ್ಲಿ ಕಂಡದ್ದು. ಅದಕ್ಕೊಂದು ಉಪಗ್ರಹ ಇದೆ ಎಂದು 2003ರಲ್ಲಿ ಗೊತ್ತಾಯಿತು. ಆ ಉಪಗ್ರಹವೇ ಡೈಮಾರ್ಫಸ್, ಸರಾಸರಿ 150 ಮೀಟರ್ ಅಗಲ. ದೊಡ್ಡದರಿಂದ ಸುಮಾರು 1.2 ಕಿ.ಮೀ. ದೂರದಲ್ಲಿ 11 ಗಂಟೆ 55 ನಿಮಿಷಕ್ಕೊಂದು ಸುತ್ತು. ಈ ಜೋಡಿಯಿಂದ ಭೂಮಿಗೆ ಅಪಾಯವೇನೂ ಇರಲಿಲ್ಲ. ಅಪಾಯವಿಲ್ಲದ್ದೇ ಬೇಕಿತ್ತು ಕೂಡ, ಪರೀಕ್ಷೆ ಕೆಟ್ಟರೂ ಯಾರಿಗೂ ನಷ್ಟವಿಲ್ಲ.

ಒಂಟಿ ಕ್ಷುದ್ರಗ್ರಹಕ್ಕೆ ಗುದ್ದಿದ್ದರೆ ಸೂರ್ಯನ ಸುತ್ತ ಸೆಕೆಂಡಿಗೆ ಹತ್ತಾರು ಕಿ.ಮೀ. ಓಡುವ ಬಂಡೆಯಲ್ಲಿ ಮಿಲಿಮೀಟರುಗಳ ಬದಲಾವಣೆಯನ್ನು ಹುಡುಕುತ್ತ ವರ್ಷಗಟ್ಟಲೆ ಕೂರಬೇಕಿತ್ತು. ಡೈಮಾರ್ಫಸ್ ತನ್ನ ಅಣ್ಣನ ಸುತ್ತ ಓಡುವುದು ಸೆಕೆಂಡಿಗೆ ಬರೀ 17 ಸೆಂಟಿಮೀಟರ್, ಮಗು ಅಂಬೆಗಾಲಿಡುವ ವೇಗ. ಅದರಲ್ಲಿ 2.7 ಮಿ.ಮೀ. ಕಡಿಮೆಯಾದರೆ ನೂರಕ್ಕೆ ಒಂದೂವರೆಗಿಂತ ಹೆಚ್ಚು. ಮೂರರ ನಿಯಮ ಇಲ್ಲಿಯೂ ನಡೆಯುತ್ತದೆ, ಸುತ್ತಿನ ಅವಧಿ ನೂರಕ್ಕೆ ಐದರ ಹತ್ತಿರ ಇಳಿಯುತ್ತದೆ. ಹನ್ನೆರಡು ಗಂಟೆಯಲ್ಲಿ ಅದು ಅರ್ಧ ಗಂಟೆಯ ಮಾತು.

ನೌಕೆ ನೋಡಲು ಸರಳ. ಒಂದೂಕಾಲು ಮೀಟರ್ ಆಸುಪಾಸಿನ ಪೆಟ್ಟಿಗೆ, ಎರಡೂ ಪಕ್ಕದಲ್ಲಿ ಚಾಪೆಯಂತೆ ಸುತ್ತಿಟ್ಟು ಆಕಾಶದಲ್ಲಿ ಬಿಚ್ಚುವ ಸೌರಫಲಕಗಳು, ಬಿಚ್ಚಿದ ಮೇಲೆ ಒಂದೊಂದೂ 8.5 ಮೀಟರ್ ಉದ್ದ. ಹೊರಡುವಾಗ 610 ಕಿಲೋ, ಗುದ್ದುವ ಹೊತ್ತಿಗೆ ಸುಮಾರು 580 ಕಿಲೋ. ಸಿಡಿತಲೆ ಇಲ್ಲ, ಸ್ಫೋಟಕ ಇಲ್ಲ. ಸೆಕೆಂಡಿಗೆ 6.14 ಕಿ.ಮೀ. ವೇಗದಲ್ಲಿ ಹೋಗುವ 580 ಕಿಲೋದಲ್ಲಿ ಎರಡೂವರೆ ಟನ್ ಟಿಎನ್‌ಟಿಗೆ ಸಮನಾದ ಶಕ್ತಿ ಇರುತ್ತದೆ. ಆ ವೇಗದಲ್ಲಿ ಬಾಂಬು ಹೊತ್ತೊಯ್ಯುವುದೂ ಇಟ್ಟಿಗೆ ಹೊತ್ತೊಯ್ಯುವುದೂ ಬಹುತೇಕ ಒಂದೇ.

ಇದ್ದ ಒಂದೇ ಉಪಕರಣ ಡ್ರೇಕೋ ಎಂಬ ಕ್ಯಾಮೆರಾ. ಪ್ಲೂಟೋಗೆ ಹೋದ ನ್ಯೂ ಹೊರೈಜನ್ಸ್ ನೌಕೆಯ ಕ್ಯಾಮೆರಾದ ಬಳಗದ್ದು, ಬಾಯಿ ಅಗಲ 20.8 ಸೆಂ.ಮೀ. ಉಡಾವಣೆಯ ಕುಲುಕಾಟ ತಡೆಯುವಂತೆ ಇದನ್ನು ಬಿಗಿಪಡಿಸಬೇಕಾಗಿ ಬಂತು, ಸೌರಫಲಕಗಳು ಕೈಸೇರುವುದೂ ತಡವಾಯಿತು. 2021ರ ಜುಲೈನಲ್ಲಿ ಹೊರಡಬೇಕಿದ್ದದ್ದು ನವೆಂಬರಿಗೆ ಹೋದದ್ದಕ್ಕೆ ಇವೂ ಕಾರಣ. ಡಿಡಿಮೋಸ್ ಬರುವ ದಿನ ನಮಗಾಗಿ ಕಾಯುವುದಿಲ್ಲವಲ್ಲ, ಆದರೆ ಎರಡನೆಯ ಉಡಾವಣಾ ಕಿಂಡಿಯಿಂದ (ಹೊರಡಲು ಕೂಡಿಬರುವ ದಿನಗಳಿಗೆ ಹೀಗೆನ್ನುತ್ತಾರೆ) ಹೊರಟರೂ ಅದೇ 2022ರ ಶರತ್ಕಾಲಕ್ಕೆ ತಲುಪುವ ಹಾದಿ ಇತ್ತು. ನಿಜವಾದ ಅಪಾಯದ ಹೊತ್ತಿನಲ್ಲಿ ಇಂಥ ಎರಡನೆಯ ಕಿಂಡಿ ಇರುತ್ತದೆ ಎಂಬ ಭರವಸೆ ಇಲ್ಲ.

ಕೊನೆಯ ನಾಲ್ಕು ಗಂಟೆ

ಡಿಕ್ಕಿಗೆ ನಾಲ್ಕು ಗಂಟೆ ಇದ್ದಾಗ ನೌಕೆ ಸುಮಾರು 90,000 ಕಿ.ಮೀ. ದೂರದಲ್ಲಿತ್ತು. ಅಲ್ಲಿಂದ ಮುಂದೆ ಚಾಲನೆಯೆಲ್ಲ ಸ್ಮಾರ್ಟ್ ನ್ಯಾವ್ ಎಂಬ ತಂತ್ರಾಂಶದ ಕೈಗೆ. ಭೂಮಿಯಿಂದ ಸಂದೇಶ ತಲುಪಲು ಅರ್ಧ ನಿಮಿಷಕ್ಕೂ ಹೆಚ್ಚು, ಚಿತ್ರ ಬಂದು ಉತ್ತರ ಹೋಗುವಷ್ಟರಲ್ಲಿ ನೌಕೆ ನಾಲ್ಕುನೂರು ಕಿ.ಮೀ. ಮುಂದೆ. ಹೀಗಾಗಿ ಮನುಷ್ಯರು ಕೂತು ನೋಡುವುದನ್ನು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ.

ತಂತ್ರಾಂಶಕ್ಕೆ ಮೊದಲು ಕಾಣುತ್ತಿದ್ದದ್ದು ಡಿಡಿಮೋಸ್ ಮಾತ್ರ. ಗುದ್ದಬೇಕಾದ ಡೈಮಾರ್ಫಸ್ ಅಣ್ಣನ ಬೆಳಕಿನಲ್ಲಿ ಕರಗಿ ಹೋಗಿತ್ತು. ಕೊನೆಯ ಒಂದು ಗಂಟೆಯಲ್ಲಿ, ಸುಮಾರು 22,000 ಕಿ.ಮೀ. ದೂರದಿಂದ, ಅದು ಒಂದೆರಡು ಪಿಕ್ಸೆಲಿನ ಬೇರೆ ಚುಕ್ಕೆಯಾಗಿ ಕಂಡಿತು. ಆಗ ತಂತ್ರಾಂಶ ಹಳೆಯ ಗುರಿಯನ್ನು ಬಿಟ್ಟು ಹೊಸದಕ್ಕೆ ಕಣ್ಣು ನೆಡಬೇಕು. ತಪ್ಪಿ ದೊಡ್ಡದಕ್ಕೇ ಅಂಟಿಕೊಂಡಿದ್ದರೆ ಪರೀಕ್ಷೆ ಮಣ್ಣುಪಾಲು. ಇದನ್ನು ಮೊದಲೇ ತಾಲೀಮು ಮಾಡಿಸಿದ್ದು ಗುರುಗ್ರಹದ ಮೇಲೆ. 2022ರ ಜುಲೈ, ಆಗಸ್ಟಿನಲ್ಲಿ ಡ್ರೇಕೋವನ್ನು ಗುರುವಿನತ್ತ ತಿರುಗಿಸಿ, ಅದರ ಹಿಂದಿನಿಂದ ಯುರೋಪಾ ಚಂದ್ರ ಹೊರಗೆ ಇಣುಕುವುದನ್ನು ತಂತ್ರಾಂಶ ಹಿಡಿಯುತ್ತದೆಯೇ ಎಂದು ನೋಡಿದ್ದರು.

ಇನ್ನೊಂದು ತೊಡಕು ನೆರಳಿನದು. ಸೂರ್ಯನ ಬೆಳಕು ಓರೆಯಾಗಿ ಬೀಳುತ್ತಿದ್ದದ್ದರಿಂದ ಬಂಡೆಯ ಒಂದು ಭಾಗ ಕತ್ತಲಲ್ಲಿತ್ತು. ಕಂಡಷ್ಟು ಬೆಳಕಿನ ನಡುಮಧ್ಯಕ್ಕೆ ಗುರಿ ಇಟ್ಟರೆ ಅದು ಬಂಡೆಯ ನಿಜವಾದ ಮಧ್ಯ ಆಗುವುದಿಲ್ಲ. ಮಧ್ಯ ತಪ್ಪಿದ ಹೊಡೆತದ ಒಂದು ಪಾಲು ಬಂಡೆಯನ್ನು ತಿರುಗಿಸುವುದಕ್ಕೆ ಹೋಗುತ್ತದೆ, ಅಂಚಿಗೆ ಬಿದ್ದರೆ ಮಣ್ಣೂ ಬೇರೆ ದಿಕ್ಕಿಗೆ ಹಾರುತ್ತದೆ. ಮೊದಲು ನೋಡಿರದ ಬಂಡೆ, ಆಕಾರ ಗೊತ್ತಿಲ್ಲ. ಕ್ಯಾರಂ ಬೋರ್ಡಿನಲ್ಲಿ ಕಾಯಿಯ ಅರ್ಧಕ್ಕೆ ಬಟ್ಟೆ ಮುಚ್ಚಿ ನೇರ ಹೊಡೆಯಿರಿ ಎಂದ ಹಾಗೆ.

ಡಿಕ್ಕಿಗೆ ಎರಡೂವರೆ ನಿಮಿಷ ಇದ್ದಾಗ, 900 ಕಿ.ಮೀ. ದೂರದಲ್ಲಿ, ನೌಕೆಯ ಎಂಜಿನ್‌ಗಳ ಕೆಲಸ ನಿಂತಿತು. ಆಗಲೂ ಡೈಮಾರ್ಫಸ್ ಚಿತ್ರದಲ್ಲಿ ಮೂವತ್ತು ಚಿಲ್ಲರೆ ಪಿಕ್ಸೆಲ್ ಅಗಲ, ಅಷ್ಟೇ. ಮುಂದಿನದೆಲ್ಲ ಎಸೆದ ಕಲ್ಲು. ಎಂಜಿನ್ ನಿಲ್ಲಿಸಿದ್ದು ಕೊನೆಯ ಚಿತ್ರಗಳು ನಡುಗದಿರಲಿ ಎಂದು. ಸೆಕೆಂಡಿಗೊಂದರಂತೆ ಬಂದ ಆ ಚಿತ್ರಗಳಲ್ಲಿ ಬೂದು ಮೊಟ್ಟೆಯೊಂದು ಬೆಳೆದು ಪರದೆ ತುಂಬಿತು. ನುಣುಪು ನೆಲ ಎಲ್ಲೂ ಇಲ್ಲ, ಬರೀ ಕಲ್ಲು. ಕ್ರಷರಿನಿಂದ ತಂದು ಸುರಿದ ಜಲ್ಲಿಯ ಗುಡ್ಡೆ ನೆನಪಾಗುವಂಥ ಮೈ. ಕೊನೆಯ ಪೂರ್ತಿ ಚಿತ್ರ ಡಿಕ್ಕಿಗೆ ಎರಡು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ಇದ್ದಾಗಿನದು. ಅದರ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಐದೂವರೆ ಸೆಂಟಿಮೀಟರ್. ಆಮೇಲೆ ಬಂದದ್ದು ಮೇಲಿನ ಒಂದು ಪಟ್ಟಿ ಮಾತ್ರ, ಉಳಿದದ್ದು ಖಾಲಿ.

ಆರೂವರೆ ಮೀಟರಿನ ಆಸುಪಾಸಿನ ಎರಡು ಬಂಡೆಗಳ ನಡುವೆ ಪೆಟ್ಟಿಗೆ ಬಿತ್ತು, ಅಗಲವಾಗಿ ಚಾಚಿದ್ದ ಸೌರಫಲಕಗಳು ಅದಕ್ಕೂ ಕ್ಷಣದ ತುಣುಕು ಮೊದಲೇ ಬಂಡೆಗಳಿಗೆ ತಾಗಿದವು. ಡೈಮಾರ್ಫಸ್‌ನ ಮಧ್ಯದಿಂದ ತಪ್ಪಿದ್ದು 25 ಮೀಟರ್. ಅಂದ ಹಾಗೆ ಡೈಮಾರ್ಫಸ್‌ನ ಬಂಡೆಗಳಿಗೂ ಕುಳಿಗಳಿಗೂ ಬೇರೆ ಬೇರೆ ದೇಶಗಳ ಚರ್ಮವಾದ್ಯ, ತಾಳವಾದ್ಯಗಳ ಹೆಸರಿಟ್ಟಿದ್ದಾರೆ. ನಮ್ಮ ಡೋಲಿನ ಹೆಸರಿನದೂ ಒಂದಿದೆ.

ಸಿಡಿದ ಮಣ್ಣಿನ ಪಾಲು

ಈಗ ಒಂದು ಸಣ್ಣ ಲೆಕ್ಕ. 580 ಕಿಲೋ, ಸೆಕೆಂಡಿಗೆ 6,140 ಮೀಟರ್. ಗುಣಿಸಿದರೆ ನೌಕೆಯ ಸಂವೇಗ. ಡೈಮಾರ್ಫಸ್‌ನ ಅಂದಾಜು ರಾಶಿ 430 ಕೋಟಿ ಕಿಲೋ. ಭಾಗಿಸಿದರೆ ಸೆಕೆಂಡಿಗೆ 0.83 ಮಿ.ಮೀ. ನೌಕೆ ಹೋಗಿ ಅಂಟಿಕೊಂಡಿದ್ದರೆ ಬಂಡೆಯ ವೇಗ ಇಷ್ಟೇ ಬದಲಾಗಬೇಕಿತ್ತು. ಅಳೆದು ನೋಡಿದಾಗ ಬಂದದ್ದು 2.7 ಮಿ.ಮೀ. ಮೇಲಿನ ಪಾಲು ಎಲ್ಲಿಂದ ಬಂತು?

ಗೋಡೆಗೆ ಸಗಣಿ ಉಂಡೆ ಎಸೆದು ಬೆರಣಿ ತಟ್ಟಿದರೆ ಉಂಡೆ ಅಲ್ಲೇ ಹಿಡಿದುಕೊಳ್ಳುತ್ತದೆ, ಗೋಡೆಗೆ ಸಿಗುವುದು ಉಂಡೆಯ ಸಂವೇಗ ಮಾತ್ರ. ಜಲ್ಲಿ ಗುಡ್ಡೆಗೆ ಜೋರಾಗಿ ಕಲ್ಲು ಹೊಡೆದರೆ ಚೂರುಗಳು ಹೊಡೆದವನ ಕಡೆಗೇ ಹಿಂದೆ ಸಿಡಿಯುತ್ತವೆ. ಹಿಂದಕ್ಕೆ ಸಿಡಿದ ಪ್ರತಿ ಚೂರೂ ಗುಡ್ಡೆಯನ್ನು ಮುಂದಕ್ಕೆ ಒದ್ದು ಹೋಗುತ್ತದೆ, ಕೋವಿಯ ಹಿಂಬದಿ ಭುಜಕ್ಕೆ ಗುದ್ದುವ ಹಾಗೆ. ಡೈಮಾರ್ಫಸ್‌ನಿಂದ ಹತ್ತು ಲಕ್ಷ ಕಿಲೋಗೂ ಹೆಚ್ಚು ಕಲ್ಲುಮಣ್ಣು ಹಾರಿತು. ಅದು ಕೊಟ್ಟ ಒದೆತ ನೌಕೆಯ ಗುದ್ದಿಗಿಂತ ದೊಡ್ಡದಾಗಿತ್ತು. ಒಟ್ಟು ಸಿಕ್ಕ ಸಂವೇಗ ನೌಕೆ ತಂದದ್ದರ ಎಷ್ಟು ಪಟ್ಟು ಎಂಬ ಅಂಕಿಗೆ ಬೀಟಾ ಎನ್ನುತ್ತಾರೆ. ಬೆರಣಿಗೆ ಬೀಟಾ 1. ಡಾರ್ಟ್‌ಗೆ ಬಂದದ್ದು ಸುಮಾರು 3.6. ಹೊಡೆತ ಕಕ್ಷೆಯ ಗುಂಟ ಕರಾರುವಾಕ್ಕಾಗಿ ಇರಲಿಲ್ಲ, ಸ್ವಲ್ಪ ಓರೆ ಇತ್ತು. ಆ ಓರೆಯನ್ನು ಸರಿಪಡಿಸಿದಾಗ ಸಿಗುವ ಅಂಕಿ ಇದು. ಆದರೆ ಬಂಡೆಯ ಸಾಂದ್ರತೆಯನ್ನು ಯಾರೂ ಅಳೆದಿಲ್ಲವಾದ್ದರಿಂದ 2.2ರಿಂದ 4.9ರವರೆಗೆ ಎಲ್ಲಿ ಬೇಕಾದರೂ ಇರಬಹುದು.

ಇಡೀ ವಿದ್ಯೆಯಲ್ಲಿ ಅತಿ ಮುಖ್ಯವಾದ, ಅತಿ ಕಡಿಮೆ ನಂಬಬಹುದಾದ ಅಂಕಿಯೂ ಇದೇ. ಮೈ ತೂತುತೂತಾಗಿ ಸ್ಪಂಜಿನಂತಿರುವ ಬಂಡೆ ಹೊಡೆತವನ್ನು ಒಳಗೇ ನುಂಗಿ 1ರ ಹತ್ತಿರ ಉಳಿಯಬಹುದು. ಗುದ್ದಿದ ಜಾಗ ಇಳಿಜಾರಾಗಿದ್ದರೆ ಸಿಡಿಯುವ ಮಣ್ಣು ಆ ಇಳಿಜಾರಿಗೆ ಲಂಬವಾಗಿ ಹೋಗುತ್ತದೆ, ನೌಕೆ ಬಂದ ದಿಕ್ಕಿಗಲ್ಲ. ದೊಡ್ಡ ಬಂಡೆಗಳು ಅಡ್ಡ ಬಂದರೆ ಇನ್ನೊಂದು ಗೋಜಲು. ಡಾರ್ಟ್‌ನಲ್ಲಿ ಇದು ಕಣ್ಣಿಗೇ ಕಂಡಿತು. ಇಟಲಿಯ ಲಿಚಾಕ್ಯೂಬ್ ಎಂಬ ಹದಿನಾಲ್ಕು ಕಿಲೋ ಪುಟ್ಟ ನೌಕೆಯನ್ನು ಡಾರ್ಟ್ ಹದಿನೈದು ದಿನ ಮೊದಲೇ ಕೆಳಗಿಳಿಸಿತ್ತು. ಡಿಕ್ಕಿಯಾಗಿ ಮೂರು ನಿಮಿಷದೊಳಗೆ, 58 ಕಿ.ಮೀ. ದೂರದಿಂದ ಹಾದು ಹೋಗುತ್ತ ಅದು ಚಿತ್ರ ತೆಗೆಯಿತು. ಆ ಚಿತ್ರಗಳಲ್ಲಿ 104 ಬಂಡೆಗಳು ಹಾರುವುದನ್ನು ಆಮೇಲೆ ಗುರುತಿಸಿದರು, ಕೆಲವು ಸೆಕೆಂಡಿಗೆ 50 ಮೀಟರಿಗೂ ಮೀರಿದ ವೇಗದಲ್ಲಿದ್ದವು. ಅವು ಎಲ್ಲ ಕಡೆಗೂ ಸಮನಾಗಿ ಹರಡದೆ ಗುಂಪುಗಟ್ಟಿ ಹೋಗಿದ್ದವು, ಅವುಗಳ ಒದೆತದ ಬಹುಪಾಲು ನೌಕೆಯ ಹಾದಿಗೆ ಅಡ್ಡವಾಗಿತ್ತು. ಪರೀಕ್ಷೆಯಲ್ಲಿ ಇದರಿಂದ ಏನೂ ಕೆಡಲಿಲ್ಲ. ಪ್ರಾಣಕ್ಕೆ ಬಂದ ದಿನ ಇಷ್ಟು ದೊಡ್ಡ ಅಡ್ಡ ಒದೆತವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಆಗುವುದು ಬೇರೆ ಮಾತು.

ಅಳೆದದ್ದು ಹೇಗೆ ಎಂಬುದಕ್ಕೂ ಎರಡು ಮಾತು. ಭೂಮಿಯ ದೂರದರ್ಶಕಗಳಿಗೆ ಈ ಜೋಡಿ ಒಂದೇ ಚುಕ್ಕೆ. ಆದರೆ ಚಿಕ್ಕದು ದೊಡ್ಡದರ ಮುಂದೆ ಬಂದಾಗ, ಹಿಂದೆ ಹೋದಾಗ ಚುಕ್ಕೆ ತುಸು ಮಂಕಾಗುತ್ತದೆ. ಮಂಕಾಗುವ ಗಳಿಗೆಗಳನ್ನು ಬರೆದಿಟ್ಟರೆ ಸುತ್ತಿನ ಅವಧಿ ಸಿಗುತ್ತದೆ. ಡಿಕ್ಕಿಯಾದ ಕೂಡಲೇ ಧೂಳು ಬೆಳಗಿ ಚುಕ್ಕೆ ಎಂಟು ಪಟ್ಟು ಹೊಳೆಯಿತು, ಅದು ಇಳಿಯುವವರೆಗೆ ಕಾಯಬೇಕಾಯಿತು. ಅಮೆರಿಕದ ಗೋಲ್ಡ್‌ಸ್ಟೋನ್ ಮತ್ತು ಗ್ರೀನ್ ಬ್ಯಾಂಕಿನ ರೇಡಾರ್ ಅಳತೆಗಳೂ ಸೇರಿ ಅಕ್ಟೋಬರ್ 11ಕ್ಕೆ ನಾಸಾ ಉತ್ತರ ಕೊಟ್ಟಿತು: ಅವಧಿ 32 ನಿಮಿಷ ಕಡಿಮೆ, ಎರಡು ನಿಮಿಷ ಆಚೀಚೆ. ಮುಂದಿನ ಅಳತೆಗಳಲ್ಲಿ ಅದು 33 ಆಯಿತು. ಪಾಸಾಗಲು ಇಟ್ಟುಕೊಂಡಿದ್ದ ಕನಿಷ್ಠ ಅಂಕ 73 ಸೆಕೆಂಡು.

ಎಲ್ಲಿ ಕೆಡುತ್ತದೆ

ಡಾರ್ಟ್ ಗೆದ್ದಿತು, ಇನ್ನು ಹೆದರಿಕೆ ಇಲ್ಲ ಎನ್ನುವ ಮಾತು ಅಲ್ಲಲ್ಲಿ ಕೇಳುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬಂಡೆಯ ಅಗಲ ಎರಡು ಪಟ್ಟಾದರೆ ರಾಶಿ ಎಂಟು ಪಟ್ಟು. 300 ಮೀಟರಿನ ಬಂಡೆಗೆ ಇದೇ ಗುದ್ದು ಕೊಟ್ಟರೆ ಸಿಗುವುದು ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗ, ಇಪ್ಪತ್ತೈದು ವರ್ಷಕ್ಕೆ ಅರ್ಧ ನಿಮಿಷವೂ ಇಲ್ಲ. ಅದಕ್ಕೆ ಐದಾರು ಟನ್ನಿನ ನೌಕೆ ಬೇಕು, ಇಲ್ಲವೇ ಹತ್ತು ಡಾರ್ಟ್‌ಗಳ ಸಾಲು. ರಾಕೆಟ್ಟಿನ ಖಾಲಿಯಾದ ಮೇಲ್ಹಂತವನ್ನೇ ಕಳಚದೆ ನೌಕೆಯ ಜೊತೆ ತೂಕಕ್ಕೆ ಉಳಿಸಿಕೊಳ್ಳುವ ಯೋಚನೆಯೂ ಇದೆ, ಪುಕ್ಕಟೆ ಸಿಗುವ ಕಬ್ಬಿಣ ಯಾಕೆ ಬಿಡಬೇಕು ಎಂದು. ಒಂದು ಕಿ.ಮೀ. ದಾಟಿದರೆ ಗುದ್ದುವ ವಿದ್ಯೆ ಕೈಬಿಡುತ್ತದೆ. ಆಗ ಉಳಿಯುವುದು ಬಂಡೆಯ ಪಕ್ಕದಲ್ಲಿ ಅಣುಬಾಂಬು ಸಿಡಿಸಿ ಮೇಲ್ಮೈಯನ್ನು ಆವಿ ಮಾಡುವ ದಾರಿ. ಅದನ್ನು ಯಾರೂ ಆಕಾಶದಲ್ಲಿ ಮಾಡಿ ನೋಡಿಲ್ಲ.

ಚಿಕ್ಕ ಬಂಡೆಗೆ ಸಮಸ್ಯೆ ತಿರುಗಾಮುರುಗ. ಈ ಬಂಡೆಗಳು ಒಂದೇ ಕಲ್ಲಲ್ಲ, ಗುರುತ್ವದಿಂದ ಸಡಿಲವಾಗಿ ಕೂಡಿಕೊಂಡ ರಾಶಿ. 2020ರ ಅಕ್ಟೋಬರಿನಲ್ಲಿ ನಾಸಾದ ಒಸಿರಿಸ್-ರೆಕ್ಸ್ ನೌಕೆ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣು ತೆಗೆಯಲು ತೋಳು ಮುಟ್ಟಿಸಿದಾಗ ಅದು ನೆಲ ಸಿಕ್ಕದೆ ಅರ್ಧ ಮೀಟರಿನಷ್ಟು ಒಳಗೆ ಇಳಿದುಬಿಟ್ಟಿತು. ಜಪಾನಿನ ಹಯಬುಸಾ-2 ನೌಕೆ 2019ರ ಏಪ್ರಿಲಿನಲ್ಲಿ ರ್‍ಯುಗು ಎಂಬ ಕ್ಷುದ್ರಗ್ರಹದ ಮೇಲೆ ಎರಡು ಕಿಲೋ ತಾಮ್ರದ ಗುಂಡನ್ನು ಸೆಕೆಂಡಿಗೆ ಎರಡು ಕಿ.ಮೀ. ವೇಗದಲ್ಲಿ ಹೊಡೆದಾಗ 14 ಮೀಟರಿಗೂ ಅಗಲದ ಕುಳಿ ಬಿತ್ತು. ಅಂಟೇ ಇಲ್ಲದ ಇಂಥ ರಾಶಿಗೆ ಎಷ್ಟು ಜೋರಾಗಿ ಗುದ್ದಬಹುದು? ರೂಢಿಯಲ್ಲಿರುವ ಎಚ್ಚರಿಕೆಯ ಗೆರೆ ಎಂದರೆ, ಕೊಡುವ ವೇಗ ಬಂಡೆಯ ವಿಮೋಚನಾ ವೇಗದ (ಅದರ ಗುರುತ್ವದಿಂದ ಬಿಡಿಸಿಕೊಂಡು ಹೋಗಲು ಬೇಕಾದ ವೇಗ) ಹತ್ತನೇ ಒಂದು ಭಾಗ ಮೀರಬಾರದು. ಡೈಮಾರ್ಫಸ್‌ಗೆ ಅದು ಸೆಕೆಂಡಿಗೆ ಸುಮಾರು 9 ಮಿ.ಮೀ., ಡಾರ್ಟ್ ಕೊಟ್ಟದ್ದು ಅದರ ಮೂರನೇ ಒಂದು ಭಾಗ. 60 ಮೀಟರಿನ ಬಂಡೆಗೆ ಗೆರೆ ಮೂರೂವರೆ ಮಿ.ಮೀ.ಗೆ ಇಳಿಯುತ್ತದೆ. ಡಾರ್ಟ್‌ನಂಥದೇ ನೌಕೆ ಗುದ್ದಿದರೆ, ಸಿಡಿದ ಮಣ್ಣಿನ ಪಾಲನ್ನು ಬಿಟ್ಟರೂ ಹನ್ನೆರಡು ಮಿ.ಮೀ. ದಾಟುತ್ತದೆ. ಬಂಡೆ ಜರುಗುವ ಬದಲು ಚೂರಾಗಿ, ದೊಡ್ಡ ಚೂರುಗಳು ಹಳೆಯ ಹಾದಿಯಲ್ಲೇ ಬರುವ ಸಾಧ್ಯತೆ ಇರುತ್ತದೆ.

60 ಮೀಟರ್ ಎಂಬುದು ಸುಮ್ಮನೆ ಆರಿಸಿದ ಅಂಕಿಯಲ್ಲ. 2024ರ ಡಿಸೆಂಬರ್ 27ರಂದು ಚಿಲಿಯ ಅಟ್ಲಾಸ್ ದೂರದರ್ಶಕಕ್ಕೆ ಕಂಡ 2024 ವೈಆರ್4 ಎಂಬ ಬಂಡೆಯ ಅಳತೆ ಅದು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿಯಲ್ಲಿ ಶೇ. 3.1ರವರೆಗೆ ಏರಿ, ಹೊಸ ವೀಕ್ಷಣೆಗಳು ಬಂದಂತೆ ಕೆಲವೇ ದಿನದಲ್ಲಿ ಇಲ್ಲವಾಯಿತು. ಆ ಕೆಲವು ದಿನ ಬಡಿಯಬಹುದಾದ ಜಾಗಗಳ ಪಟ್ಟಿ ಭೂಪಟದ ಮೇಲೆ ಒಂದು ಉದ್ದ ಗೆರೆಯಾಗಿತ್ತು: ಪೆಸಿಫಿಕ್‌ನ ಪೂರ್ವಭಾಗ, ದಕ್ಷಿಣ ಅಮೆರಿಕದ ಉತ್ತರ, ಅಟ್ಲಾಂಟಿಕ್, ಆಫ್ರಿಕ, ಅರಬ್ಬೀ ಸಮುದ್ರ, ಕೊನೆಗೆ ನಮ್ಮ ದಕ್ಷಿಣ ಏಷ್ಯಾ.

ಈ ಗೆರೆಯನ್ನು ನೋಡಿದರೆ ತಾಂತ್ರಿಕವಲ್ಲದ ಒಂದು ಗಂಟೂ ಕಾಣುತ್ತದೆ. ತಳ್ಳು ಪೂರ್ತಿ ಸಾಲದೆ ಹೋದರೆ ಬಂಡೆ ಭೂಮಿಯನ್ನು ತಪ್ಪಿಸಿಕೊಳ್ಳುವುದಿಲ್ಲ, ಬೀಳುವ ಜಾಗ ಮಾತ್ರ ಇದೇ ಗೆರೆಯ ಮೇಲೆ ಜರುಗುತ್ತದೆ. ಸಮುದ್ರಕ್ಕೆ ಬೀಳಬೇಕಿದ್ದದ್ದು ಊರಿಗೆ, ಒಂದು ದೇಶಕ್ಕೆ ಬೀಳಬೇಕಿದ್ದದ್ದು ಇನ್ನೊಂದಕ್ಕೆ. ಯಾವ ದಿಕ್ಕಿಗೆ ತಳ್ಳಬೇಕು, ಹೊಣೆ ಯಾರದು ಎಂಬ ಪ್ರಶ್ನೆಗೆ ಕಕ್ಷೆಯ ಗಣಿತದಲ್ಲಿ ಉತ್ತರವಿಲ್ಲ.

ಸಮಯದ ಲೆಕ್ಕದಲ್ಲಿ ವೈಆರ್4 ಒಂದು ಪಾಠ. ಕಂಡದ್ದು 2024ರ ಕೊನೆ, ಮತ್ತೆ ಹತ್ತಿರ ಬರುವುದು 2028, ಭಯವಿದ್ದದ್ದು 2032ಕ್ಕೆ. ಡಾರ್ಟ್ ಕಾಗದದ ಹಂತದಿಂದ ವಿನ್ಯಾಸಕ್ಕೆ ಹೋದದ್ದು 2017ರಲ್ಲಿ, ಹಾರಿದ್ದು 2021ರಲ್ಲಿ. ಅವಸರ ಮಾಡಿ ಕಟ್ಟಿದರೂ ಬಂಡೆಯ ರಾಶಿಯೇ ಸರಿಯಾಗಿ ಗೊತ್ತಿರುವುದಿಲ್ಲ. ಆಕಾಶದಲ್ಲಿರುವ ವೆಬ್ ದೂರದರ್ಶಕ ಅದರ ಅಗಲವನ್ನು 60 ಮೀಟರ್, 7 ಮೀಟರ್ ಆಚೀಚೆ ಎಂದು ಅಳೆಯಿತು. ಅಗಲದಲ್ಲಿ ಹತ್ತಕ್ಕೊಂದು ತಪ್ಪಿದರೆ ರಾಶಿಯಲ್ಲಿ ಹತ್ತಕ್ಕೆ ಮೂರರಷ್ಟು ತಪ್ಪು, ಸಾಂದ್ರತೆಯ ಅನುಮಾನ ಅದರ ಮೇಲೆ. ಹಾಗಾಗಿ ಅವಕಾಶ ಇದ್ದರೆ ಮೊದಲು ಒಂದು ನೌಕೆ ಹೋಗಿ ನೋಡಿ ಬರಬೇಕು, ಗುದ್ದುವ ನೌಕೆ ಆಮೇಲೆ. ಅಂದರೆ ಎರಡು ಉಡಾವಣೆ, ಇನ್ನಷ್ಟು ವರ್ಷ.

ಕಡಿಮೆ ತಳ್ಳಿನಲ್ಲಿ ಹೆಚ್ಚು ಕೆಲಸ ಆಗುವ ಒಂದು ಸಂದರ್ಭವೂ ಇದೆ. 2029ರ ಏಪ್ರಿಲ್ 13ರಂದು ಸುಮಾರು 340 ಮೀಟರಿನ ಅಪೋಫಿಸ್ ಎಂಬ ಕ್ಷುದ್ರಗ್ರಹ ನಮ್ಮ ನೆಲದಿಂದ 32,000 ಕಿ.ಮೀ. ಎತ್ತರದಲ್ಲಿ ಹಾದು ಹೋಗುತ್ತದೆ, ಭೂಸ್ಥಿರ ದೂರಸಂಪರ್ಕ ಉಪಗ್ರಹಗಳಿಗಿಂತಲೂ ಕೆಳಗೆ. ಹೀಗೆ ಹತ್ತಿರ ಹಾಯುವಾಗ ಭೂಮಿಯ ಗುರುತ್ವ ಅದರ ಮುಂದಿನ ಹಾದಿಯನ್ನು ತಿರುಚುತ್ತದೆ. ಆಕಾಶದ ಒಂದು ಪುಟ್ಟ ಕಿಂಡಿಯಲ್ಲಿ ನುಸುಳಿದರೆ ಮಾತ್ರ ಕೆಲವು ವರ್ಷಗಳ ಮೇಲೆ ಮರಳಿ ಬಂದು ಬಡಿಯುತ್ತದೆ. 2036ಕ್ಕೆ ಮರಳಿಸಬಹುದಾಗಿದ್ದ ಕಿಂಡಿಯ ಅಗಲ ಸುಮಾರು 600 ಮೀಟರ್ ಎಂದು ಲೆಕ್ಕ ಹಾಕಿದ್ದರು. ಕಿಂಡಿಗೆ ಮೊದಲೇ ಬಂಡೆಯನ್ನು ಕೆಲವು ನೂರು ಮೀಟರ್ ಜರುಗಿಸಿದರೆ ಸಾಕು, ಕಿಂಡಿ ದಾಟಿದ ಮೇಲಾದರೆ ಸಾವಿರಾರು ಕಿ.ಮೀ. ಬೇಕು. ಅಪೋಫಿಸ್ ಅದರಲ್ಲಿ ನುಸುಳುವುದಿಲ್ಲ ಎಂಬುದು ಖಚಿತವಾಗಿದೆ. 2021ರ ರೇಡಾರ್ ಅಳತೆಗಳ ಪ್ರಕಾರ ಮುಂದಿನ ನೂರು ವರ್ಷ ಅದರಿಂದ ಅಪಾಯವಿಲ್ಲ.

ಡೈಮಾರ್ಫಸ್ ಕಥೆ ಇನ್ನೂ ಅರ್ಧಕ್ಕೇ ನಿಂತಿದೆ. ಗುದ್ದಿದ ನೌಕೆ ಉಳಿಯಲಿಲ್ಲ, ಲಿಚಾಕ್ಯೂಬ್ ಹಾದು ಹೋಯಿತು, ಬಿದ್ದ ಕುಳಿಯನ್ನು ಯಾರೂ ನೋಡಿಲ್ಲ. ಕಂಪ್ಯೂಟರ್ ಮಾದರಿಗಳ ಪ್ರಕಾರ ಅಲ್ಲಿ ಅಚ್ಚುಕಟ್ಟಾದ ಕುಳಿ ಇರುವುದೂ ಅನುಮಾನ, ಸಡಿಲ ರಾಶಿಯಾದ್ದರಿಂದ ಬಂಡೆಯ ಇಡೀ ಆಕಾರವೇ ಬದಲಾಗಿರಬಹುದು. ಇದನ್ನು ನೋಡಲು ಯುರೋಪಿನ ಹೆರಾ ನೌಕೆ 2024ರ ಅಕ್ಟೋಬರ್ 7ರಂದು ಹೊರಟು, 2025ರ ಮಾರ್ಚಿನಲ್ಲಿ ಮಂಗಳನ ಪಕ್ಕ ಹಾದು ವೇಗ ತಿದ್ದಿಕೊಂಡಿತು. 2026ರ ಕೊನೆಯ ಹೊತ್ತಿಗೆ ಡಿಡಿಮೋಸ್ ಸೇರುವುದು ಯೋಜನೆ. ಜೊತೆಗೆ ಎರಡು ಪುಟ್ಟ ನೌಕೆಗಳು: ಧೂಳು ಮತ್ತು ಮೇಲ್ಮೈಯ ಖನಿಜ ನೋಡಲು ಮಿಲಾನಿ, ರೇಡಾರಿನಿಂದ ಒಳಗಿನ ರಚನೆ ನೋಡಲು ಯುವೆಂಟಾಸ್. ಆದರೆ ಎಲ್ಲರೂ ಕಾಯುತ್ತಿರುವುದು ಚಿತ್ರಗಳಿಗಿಂತ ಹೆಚ್ಚಾಗಿ ಒಂದು ತೂಕಕ್ಕೆ. ಡೈಮಾರ್ಫಸ್ ಜೊತೆ ಓಡಾಡುತ್ತ ಅದರ ಎಳೆತ ಎಷ್ಟೆಂದು ಅಳೆದರೆ 430 ಕೋಟಿ ಕಿಲೋ ಎಂಬ ಅಂದಾಜು ಅಳತೆಯಾಗುತ್ತದೆ, 2.2ರಿಂದ 4.9ರ ನಡುವೆ ತೂಗಾಡುತ್ತಿರುವ ಬೀಟಾ ಒಂದು ಕಡೆ ನಿಲ್ಲುತ್ತದೆ.